ನೀರಿನ ಮುಳ್ಳು ಹೇಳದ ಬಿಸಿ

ಯಲಹಂಕ ಬಿಟ್ಟು ದೇವನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೋಗುವಾಗ ನನ್ನ ಹಳೆಯ ಟೆಂಪೊ ಟ್ರಾವೆಲರ್‌ನ ಡ್ಯಾಶ್‌ಬೋರ್ಡಿನಲ್ಲಿ ಎರಡು ಮುಳ್ಳುಗಳು ನನ್ನ ಕಣ್ಣೆದುರು ಇರುತ್ತವೆ. ಒಂದು ಗಾಡಿಯ ಜೊತೆಗೇ ಬಂದದ್ದು, ರೇಡಿಯೇಟರ್ ನೀರಿನ ಬಿಸಿ ತೋರಿಸುವುದು. ಇನ್ನೊಂದು ನಾನು ಹಾಕಿಸಿದ್ದು, ಎಂಜಿನ್ ಆಯಿಲ್‌ನ ಬಿಸಿ ತೋರಿಸುವುದು. ಗಂಟೆಗೆ 70 ಕಿ.ಮೀ. ವೇಗದಲ್ಲಿ ಹದವಾಗಿ ಹೋಗುತ್ತಿದ್ದರೆ ಆಯಿಲ್ 97, 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರುತ್ತದೆ. ವೇಗವನ್ನು 90ಕ್ಕೆ ಏರಿಸಿ ಹಾಗೇ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ 110 ದಾಟುತ್ತದೆ. ಬಾಗೇಪಲ್ಲಿಯ ಏಪ್ರಿಲ್ ಬಿಸಿಲಾದರೆ ಇನ್ನೂ ಮೇಲೆ. ಅಷ್ಟೂ ಹೊತ್ತು ನೀರಿನ ಮುಳ್ಳು ನಡುಗೆರೆ ಬಿಟ್ಟು ಕದಲುವುದಿಲ್ಲ.

ಹಳೆಯ ಗಾಡಿ ಇಟ್ಟುಕೊಂಡಿರುವ ಪ್ರತಿಯೊಬ್ಬರೂ ಈ ವ್ಯತ್ಯಾಸವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟವೊಂದು ಕೂತಿದೆ. 80 ಡಿಗ್ರಿಯ ಆಸುಪಾಸಿನಲ್ಲಿ ಅದರೊಳಗಿನ ಮೇಣ ಕರಗಿ ಹಿಗ್ಗುತ್ತದೆ, ಕವಾಟ ತೆರೆಯುತ್ತದೆ, ನೀರು ರೇಡಿಯೇಟರ್‌ಗೆ ಹರಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಕವಾಟ ಇನ್ನಷ್ಟು ತೆರೆದುಕೊಳ್ಳುತ್ತದೆ. ಹೀಗಾಗಿ ರೇಡಿಯೇಟರ್‌ಗೆ ತ್ರಾಣ ಇರುವ ತನಕ ಮುಳ್ಳು ಇದ್ದಲ್ಲೇ ಇರುತ್ತದೆ. ಕವಾಟ ಪೂರ್ತಿ ತೆರೆದು, ಇನ್ನು ತೆರೆಯಲು ಏನೂ ಉಳಿಯದಿದ್ದಾಗ ಮಾತ್ರ ಅದು ಮೇಲೇಳುತ್ತದೆ. ಆ ಹೊತ್ತಿಗೆ ಗಾಡಿಯನ್ನು ಬದಿಗೆ ಹಾಕಬೇಕಾದ ಸಮಯ ಬಂದಿರುತ್ತದೆ. ಆಯಿಲ್‌ಗೆ ಹಳೆಯ ಬಹುಪಾಲು ವ್ಯಾನ್‌ಗಳಲ್ಲಿ ಇಷ್ಟು ಬಿಗಿಯಾದ ಕಡಿವಾಣ ಇಲ್ಲ. ಎಂಜಿನ್ ಎಷ್ಟು ದುಡಿಯುತ್ತಿದೆಯೋ ಆಯಿಲ್ ಅಷ್ಟು ಬಿಸಿಯಾಗುತ್ತದೆ. ದುಡಿಮೆಯ ಲೆಕ್ಕ ಅಲ್ಲಿ ನೇರವಾಗಿ ಸಿಗುತ್ತದೆ.

ನನ್ನ ದುಡಿಮೆಯ ಕಾಲದ ಬಹುಪಾಲು ಕಳೆದದ್ದು ಜಕ್ಕೂರಿನಲ್ಲಿ, ಸಣ್ಣ ಪಿಸ್ಟನ್ ವಿಮಾನಗಳ ಎಂಜಿನ್ ಕೆಲಸದಲ್ಲಿ. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೇ ಇರುವ ಆ ಏರೋಡ್ರೋಮ್ ಜಯಚಾಮರಾಜೇಂದ್ರ ಒಡೆಯರ ಕಾಲದ್ದು. ಅಲ್ಲಿನ ಸರ್ಕಾರಿ ವಿಮಾನ ಚಾಲನಾ ಶಾಲೆಯ ಹುಡುಗರು ಸೆಸ್ನಾ 172ರಲ್ಲಿ ಹಾರಾಟ ಕಲಿಯುವುದನ್ನು ರಸ್ತೆಯಿಂದಲೇ ನೋಡಿದವರು ಬಹಳ ಮಂದಿ. ಆ ವಿಮಾನದ ಎಂಜಿನ್ ಗಾಳಿಯಿಂದ ತಣಿಯುವಂಥದ್ದು, ಅದಕ್ಕೆ ರೇಡಿಯೇಟರ್ ನೀರೇ ಇಲ್ಲ. ಪೈಲಟ್ ಎದುರಿಗೆ ಆಯಿಲ್ ಪ್ರೆಷರ್ ಮತ್ತು ಆಯಿಲ್ ಟೆಂಪರೇಚರ್ ಎರಡೂ ಅಕ್ಕಪಕ್ಕದಲ್ಲಿ ಇರುತ್ತವೆ. ಹಸಿರು ಪಟ್ಟಿ 245 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 118 ಸೆಲ್ಸಿಯಸ್‌ಗೆ ಮುಗಿಯುತ್ತದೆ, ಅಲ್ಲಿ ಕೆಂಪು ಗೆರೆ. ಆ ಮೀಟರ್ ಕೆಟ್ಟಿದ್ದರೆ ವಿಮಾನ ನೆಲ ಬಿಡುವಂತಿಲ್ಲ, ಹಾಗೆಂದು ನಿಯಮವೇ ಇದೆ. ಆಕಾಶದಲ್ಲಿ ಇಷ್ಟು ಅಗತ್ಯವೆನಿಸಿದ ಮಾಹಿತಿ ಶಿರಾಡಿ ಘಾಟಿ ಹತ್ತುವ ನಾಲ್ಕು ಚಕ್ರದ ಮನೆಗೆ ಬೇಡವೇ? ಬೇಕು ಎಂದುಕೊಂಡೇ ನಾನು ನಿವೃತ್ತಿಯ ನಂತರ ಗಾಡಿ ತೆಗೆದುಕೊಂಡಾಗ ಮೊದಲು ಈ ಮೀಟರ್ ಹಾಕಿಸಿದೆ. ಮಂಚ, ಒಲೆ, ಕಪಾಟು ಎಲ್ಲ ಆಮೇಲೆ ಬಂದವು.

ಗಾಡಿಯ ಬಗ್ಗೆ ಎರಡು ಮಾತು. ನನ್ನದು ಕೆಎ 04 ನಂಬರಿನ, 1998ರ ಮಾಡೆಲ್ ಬಜಾಜ್ ಟೆಂಪೊ ಟ್ರಾವೆಲರ್. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಎಂದಾಯಿತು. ಟ್ರಾವೆಲರ್ ನಮ್ಮ ರಸ್ತೆಗೆ ಬಂದದ್ದು 1987ರಲ್ಲಿ, ಜರ್ಮನಿಯಲ್ಲಿ 1977ರಿಂದ ತಯಾರಾಗುತ್ತಿದ್ದ ಮರ್ಸಿಡೀಸ್ ಟಿ1 ವ್ಯಾನಿನ ಮಾದರಿಯಲ್ಲಿ. ಅದರೊಳಗಿನ ಒಎಂ 616 ಎಂಬ 2.4 ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಕೂಡ ಮರ್ಸಿಡೀಸ್ ಮೂಲದ್ದು. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ನಿಧಾನದ, ಗಟ್ಟಿ ಎಂಜಿನ್. ಶಾಲೆ ಮಕ್ಕಳನ್ನು, ಧರ್ಮಸ್ಥಳ ಯಾತ್ರಿಕರನ್ನು, ಮದುವೆ ದಿಬ್ಬಣಗಳನ್ನು ಹೊತ್ತು ತಿರುಗಿದ ಇಂಥ ಎಷ್ಟೋ ಗಾಡಿಗಳನ್ನು ಈಗ ಜನ ಕೊಂಡು ಒಳಗೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದಾರೆ. ಮಾಡುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಪಡೆದೇ ಮಾಡಬೇಕು.

ಆಯಿಲ್ ಬಿಸಿಯಾದರೆ ನಿಜಕ್ಕೂ ಏನಾಗುತ್ತದೆ? ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗ್‌ಗಳಿಗೆ ತಾಗದೆ ಆಯಿಲ್‌ನ ಒಂದು ತೆಳ್ಳನೆಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆ ಪದರದ ದಪ್ಪ ನಮ್ಮ ತಲೆಗೂದಲಿಗಿಂತಲೂ ಎಷ್ಟೋ ಪಾಲು ಕಡಿಮೆ. ಅದು ಕಿತ್ತುಹೋಗದೆ ನಿಲ್ಲಬೇಕಾದರೆ ಆಯಿಲ್‌ಗೆ ಸಾಕಷ್ಟು ಮಂದ ಇರಬೇಕು. ನಮ್ಮ ಗಾಡಿಗಳಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯು-40 ಆಯಿಲ್ ಡಬ್ಬದ ಮೇಲಿನ 40 ಎಂಬ ಅಂಕಿ 100 ಡಿಗ್ರಿಯಲ್ಲಿ ಅಳೆದ ಮಂದವನ್ನು ಹೇಳುತ್ತದೆ. ಅಲ್ಲಿ ಅದು 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಒಳ್ಳೆಯ ಆಯಿಲ್ ಒಂದನ್ನು ತೆಗೆದುಕೊಂಡರೆ 40 ಡಿಗ್ರಿಯಲ್ಲಿ 105ರಷ್ಟಿರುವ ಮಂದ 100 ಡಿಗ್ರಿಗೆ 14ಕ್ಕೆ ಇಳಿಯುತ್ತದೆ. 120ರಲ್ಲಿ ಸುಮಾರು 9. 130ರಲ್ಲಿ ಏಳೂವರೆ. ಅಂದರೆ 100 ಡಿಗ್ರಿಯಲ್ಲಿದ್ದ ಮಂದದಲ್ಲಿ ಹತ್ತಿರ ಹತ್ತಿರ ಅರ್ಧ, ಬರೀ 30 ಡಿಗ್ರಿಯಲ್ಲಿ ಹೋಗಿಬಿಡುತ್ತದೆ. ಎಂಜಿನ್ ಹೊಸದಾಗಿದ್ದು ಬೇರಿಂಗ್ ಸಂದಿ ಬಿಗಿಯಾಗಿದ್ದರೆ ಅದು ತಡೆದುಕೊಳ್ಳಬಹುದು. ಎರಡೂವರೆ ದಶಕ ಓಡಿ ಸವೆದ ಎಂಜಿನ್‌ನಲ್ಲಿ ಸಂದಿ ಅಗಲವಾಗಿರುತ್ತದೆ, ತೆಳುವಾದ ಆಯಿಲ್ ಅಲ್ಲಿಂದ ಬೇಗ ಜಾರಿಹೋಗುತ್ತದೆ.

ಎರಡನೆಯ ಹಾನಿ ಕಣ್ಣಿಗೆ ಕಾಣದ್ದು. ಬಿಸಿ ಆಯಿಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಈ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನ ಶಾಸ್ತ್ರದ ಒಂದು ಅಂದಾಜು ಲೆಕ್ಕ. 100ರಲ್ಲಿ ಓಡಿಸಿದ ಗಾಡಿಯ ಆಯಿಲ್‌ಗೂ 120ರಲ್ಲಿ ಓಡಿಸಿದ ಗಾಡಿಯ ಆಯಿಲ್‌ಗೂ ಆಯಸ್ಸಿನಲ್ಲಿ ಅಜಗಜಾಂತರ. ಕಿಲೋಮೀಟರ್ ಒಂದನ್ನೇ ನೋಡಿ ಆಯಿಲ್ ಬದಲಿಸುವವರಿಗೆ ಇದು ತಿಳಿಯುವುದೇ ಇಲ್ಲ. ಹೀಗಾಗಿ ಘಾಟಿ ಪ್ರಯಾಣ ಹೆಚ್ಚಿದ್ದ ವರ್ಷ ನಾನು ಆಯಿಲ್ ಬೇಗ ಬದಲಿಸುತ್ತೇನೆ.

ಕ್ಯಾಂಪರ್ ವ್ಯಾನ್ ಎಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವ ಫೋಕ್ಸ್‌ವ್ಯಾಗನ್ ಟೈಪ್ 2 ಇದೆಯಲ್ಲ, 1950ರಲ್ಲಿ ಬಂದದ್ದು, ಅದರ ಎಂಜಿನ್ ಹಿಂಭಾಗದಲ್ಲಿ, ಗಾಳಿಯಲ್ಲೇ ತಣಿಯುವಂಥದ್ದು. ಅದರೊಳಗಿನ ಆಯಿಲ್ ಬರೀ ಎರಡೂವರೆ ಲೀಟರ್. ಅಷ್ಟು ಕಡಿಮೆ ಆಯಿಲ್ ಸವೆತ ತಡೆಯುವ ಕೆಲಸವನ್ನೂ ತಣಿಸುವ ಕೆಲಸವನ್ನೂ ಮಾಡಬೇಕಿತ್ತು. ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದು ಪ್ರೆಷರ್ ಬಿದ್ದಾಗ ಉರಿಯುವ ಒಂದು ದೀಪ ಮಾತ್ರ. ಅದಕ್ಕೇ ಆ ಗಾಡಿಗಳನ್ನು ಉಳಿಸಿಕೊಂಡಿರುವ ಜನ ಲೋಕದ ಎಲ್ಲೆಡೆ ಮೊದಲು ಹಾಕಿಸುವುದು ಆಯಿಲ್ ಟೆಂಪರೇಚರ್ ಮೀಟರ್. ಕೆಲವರು ಡಿಪ್‌ಸ್ಟಿಕ್ಕಿನ ಜಾಗದಲ್ಲೇ ಸೆನ್ಸರ್ ಇಳಿಬಿಡುತ್ತಾರೆ. ನಮ್ಮ ಆರ್.ಟಿ. ನಗರ, ಯಶವಂತಪುರದ ಬುಲೆಟ್ ಪ್ರಿಯರಲ್ಲೂ ಆಯಿಲ್ ಮುಚ್ಚಳದ ಜಾಗಕ್ಕೆ ಮುಳ್ಳಿನ ಥರ್ಮಾಮೀಟರ್ ಕೂರಿಸಿದವರನ್ನು ನೋಡಿದ್ದೇನೆ. ಗಾಳಿ ಎಂಜಿನ್ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ನೀರಿನ ಮುಳ್ಳು ಇರುವ ನಾವೇ ಮೈಮರೆಯುವುದು.

ಸೆನ್ಸರ್ ಎಲ್ಲಿ ಕೂರಿಸಬೇಕು ಎಂಬುದೇ ಈ ಕೆಲಸದ ಅರ್ಧ ಪಾಲು. ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಲಾರಿ, ಟೆಂಪೊಗಳ ಕೆಲಸದಲ್ಲೇ ಕೂದಲು ನರೆತ ಮೆಕ್ಯಾನಿಕ್ ಒಬ್ಬರ ಹತ್ತಿರ ನಾನು ಗಾಡಿ ಒಯ್ದಿದ್ದೆ.

"ಸಾರ್, ನೀರಿನ ಮುಳ್ಳು ನಡುವೆ ನಿಂತಿದ್ರೆ ಗಾಡಿ ಚೆನ್ನಾಗಿದೆ ಅಂತ್ಲೇ ಲೆಕ್ಕ. ಆಯಿಲ್ ಹೀಟ್ ನೋಡ್ಕೊಂಡು ಏನ್ ಮಾಡ್ತೀರಾ?" ಎಂದರು.

"ಆ ಮುಳ್ಳನ್ನ ಥರ್ಮೋಸ್ಟಾಟ್ ಹಿಡ್ಕೊಂಡಿರುತ್ತೆ ಅಣ್ಣ. ಆಯಿಲ್ ಮುಳ್ಳನ್ನ ಹಿಡ್ಕೊಳ್ಳೋರು ಯಾರೂ ಇಲ್ಲ. ಅದು ಏರ್ತಾ ಇದ್ರೆ ಕಾಲು ಸ್ವಲ್ಪ ಎತ್ತಬಹುದಲ್ಲ."

ಅವರು ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಪ್ರೆಷರ್ ಸ್ವಿಚ್ ಹತ್ರ ಟೀ ಜಾಯಿಂಟ್ ಹಾಕಿ ಅಲ್ಲೇ ಕೂರಿಸ್ಬಿಡ್ಲಾ? ಹತ್ತು ನಿಮಿಷದ ಕೆಲ್ಸ" ಎಂದು ಕೇಳಿದರು.

ಬಹಳ ಕಡೆ ಹೀಗೇ ಮಾಡುತ್ತಾರೆ, ಮತ್ತು ಇಲ್ಲೇ ಓದುಗರು ಎಚ್ಚರ ವಹಿಸಬೇಕು. ಪ್ರೆಷರ್ ಸ್ವಿಚ್ಚಿನ ರಂಧ್ರಕ್ಕೆ ಟೀ ಹಾಕಿದರೆ ಅದು ಮುಚ್ಚಿದ ಓಣಿ. ಒತ್ತಡ ಅಲ್ಲಿಗೆ ಮುಟ್ಟುತ್ತದೆ, ಆಯಿಲ್ ಹರಿಯುವುದಿಲ್ಲ. ಅಲ್ಲಿ ನಿಂತ ಒಂದಿಷ್ಟು ಆಯಿಲ್ ಹೊರಗಿನ ಗಾಳಿಗೆ ತಣ್ಣಗಾಗಿರುತ್ತದೆ. ಎಂಜಿನ್‌ನೊಳಗೆ 120 ಇದ್ದರೂ ಮೀಟರ್ ಅದಕ್ಕಿಂತ ಎಷ್ಟೋ ಕಡಿಮೆ ತೋರಿಸಿ ನಮ್ಮನ್ನು ನೆಮ್ಮದಿಯಾಗಿ ಇಟ್ಟಿರುತ್ತದೆ. ಇಂಥ ಮೀಟರ್ ಇಲ್ಲದಿರುವುದೇ ಮೇಲು. ಸೆನ್ಸರಿನ ತುದಿ ಹರಿಯುವ ಆಯಿಲ್‌ನಲ್ಲಿ ಮುಳುಗಿರಬೇಕು. ಅದಕ್ಕೆ ಇರುವ ಒಳ್ಳೆಯ ಜಾಗಗಳು ಎರಡು. ಆಯಿಲ್ ಫಿಲ್ಟರಿಗೂ ಎಂಜಿನ್‌ಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್ ಒಂದು. ಆದರೆ ಅದು ಫಿಲ್ಟರ್ ತಿರುಗಿಸಿ ಹಾಕುವ ಬಗೆಯ ಎಂಜಿನ್‌ಗಳಿಗೆ ಮಾತ್ರ ಒಗ್ಗುತ್ತದೆ. ಇನ್ನೊಂದು, ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ಕೆಳಗಿನ ಆಯಿಲ್ ತೊಟ್ಟಿ. ಅದರ ಡ್ರೈನ್ ಬೋಲ್ಟ್ ತೆಗೆದು ಆ ಥ್ರೆಡ್ಡಿಗೆ ಸರಿಹೊಂದುವ ಸೆನ್ಸರ್ ಹಾಕಬಹುದು. ಆದರೆ ಬೋಲ್ಟ್ ನೆಲದ ಕಡೆ ಮುಖ ಮಾಡಿದ್ದರೆ ನಮ್ಮ ಬಡಾವಣೆಗಳ ಹಂಪುಗಳನ್ನು ನೆನೆಸಿಕೊಳ್ಳಿ. ಸೆನ್ಸರ್ ಹಂಪಿಗೆ ಬಡಿದು ಮುರಿದರೆ ಆಯಿಲ್ ಎಲ್ಲ ರಸ್ತೆಗೆ ಸುರಿಯುತ್ತದೆ. ನಾವು ಚೇಂಬರ್ ಇಳಿಸಿ, ಅದರ ಪಕ್ಕದ ಗೋಡೆಯಲ್ಲಿ, ಆಯಿಲ್ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಒಂದು ದಪ್ಪ ನಟ್ ವೆಲ್ಡಿಂಗ್ ಮಾಡಿಸಿ ಅದರೊಳಗೆ ಸೆನ್ಸರ್ ಕೂರಿಸಿದೆವು. ಹತ್ತು ನಿಮಿಷದ ಕೆಲಸ ಒಂದು ದಿನದ್ದಾಯಿತು. ಆ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳಲಿಲ್ಲ, ಚೇಂಬರ್ ಇಳಿಸಿದ್ದಕ್ಕೆ ಪಂಪಿನ ಜಾಲರಿಯನ್ನೂ ತೊಳೆದು ಕೊಟ್ಟರು.

ಇನ್ನೆರಡು ಸಣ್ಣ ಸಂಗತಿ. ಸೆನ್ಸರ್ ಎಂಬುದು ಬಿಸಿಯಾದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆಯಾಗುವ ಒಂದು ತುಣುಕು. ಎಷ್ಟು ತಡೆಗೆ ಎಷ್ಟು ಡಿಗ್ರಿ ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು ಬಗೆ. ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಮೀಟರ್, ಇನ್ನೊಂದರಲ್ಲಿ ಸೆನ್ಸರ್ ಕೊಂಡು ಜೋಡಿಸಿದರೆ ಅದು ಹೇಳುವ ಅಂಕಿಗೆ ಅರ್ಥವಿಲ್ಲ. ಎರಡೂ ಒಂದೇ ಜೋಡಿಯಾಗಿ ಬರಬೇಕು. ಒಂಟಿ ವೈರಿನ ಸೆನ್ಸರ್ ಆದರೆ ಅದಕ್ಕೆ ಅರ್ತ್ ಸಿಗುವುದು ಥ್ರೆಡ್ಡಿನ ಮೂಲಕವೇ. ಅಲ್ಲಿಗೆ ಸೋರದಂತೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ತ್ ಕೆಟ್ಟು, ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ.

ಕೂರಿಸುವ ಮೊದಲು ಪರೀಕ್ಷೆ ಮಾಡಲೇಬೇಕು. ನಮ್ಮ ಯಲಹಂಕ ನ್ಯೂಟೌನ್ ಮನೆಯ ಅಡುಗೆಮನೆಯಲ್ಲಿ ಒಂದು ಪಾತ್ರೆ ನೀರು ಕುದಿಯಲು ಇಟ್ಟು, ಸೆನ್ಸರಿನ ತುದಿಯನ್ನು ತಳ ತಾಗದಂತೆ ತಂತಿಯಲ್ಲಿ ಇಳಿಬಿಟ್ಟು, ವೈರುಗಳನ್ನು ಹೊರಗೆ ಬ್ಯಾಟರಿಗೂ ಮೀಟರಿಗೂ ಕೊಟ್ಟೆ. ನೀರು ಗುಳ್ಳೆಯೆದ್ದು ಕುದಿಯುವಾಗ ಮುಳ್ಳು 100ಕ್ಕಿಂತ ಒಂದಿಷ್ಟು ಕೆಳಗೇ ನಿಂತಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ರೀ, ಇಷ್ಟು ಕುದೀತಿದೆ, ನೂರು ಬಂದಿಲ್ವಲ್ಲ, ಮೀಟರ್ ತಪ್ಪಿದೆ" ಎಂದಳು. ಮೀಟರ್ ಸರಿಯಾಗಿಯೇ ಇತ್ತು. ಯಲಹಂಕ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97ರಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಿ ಇದೇ ಪರೀಕ್ಷೆಗೆ 100 ಬರಬೇಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಸೋತ ಗಾಡಿ ಕರಾವಳಿಗಿಂತ ನಮ್ಮ ಎತ್ತರದಲ್ಲಿ ಬೇಗ ಕುದಿಯುವುದಕ್ಕೂ ಇದೇ ಕಾರಣ. ಒತ್ತಡ ಹಿಡಿದು ನೀರು ಕುದಿಯದಂತೆ ತಡೆಯುವುದು ಆ ಮುಚ್ಚಳವೇ.

ಈಗ ಶಿರಾಡಿ ಘಾಟಿಗೆ ಬರುತ್ತೇನೆ. ಈ ಮೀಟರಿನ ನಿಜವಾದ ಪ್ರಯೋಜನ ನನಗೆ ಮನದಟ್ಟಾದದ್ದು ಅಲ್ಲಿ. ಮಂಗಳೂರು ಕಡೆಯಿಂದ ವಾಪಸ್ ಬರುವಾಗ ಗುಂಡ್ಯದವರೆಗೆ ಆಯಿಲ್ 98. ಅಲ್ಲಿಂದ ಏರು ಶುರು. ಮುಂದೆ ಗ್ಯಾಸ್ ಟ್ಯಾಂಕರುಗಳ ಸಾಲು, ಎರಡನೇ ಗೇರು, ವೇಗ 20 ದಾಟುತ್ತಿಲ್ಲ. ಎಂಜಿನ್‌ಗೆ ಪೂರ್ತಿ ಹೊರೆ, ಚೇಂಬರ್ ಕೆಳಗೆ ಬೀಸಬೇಕಾದ ಗಾಳಿ ಇಲ್ಲ. ಕರಾವಳಿಯ ಸೆಖೆ ಬೇರೆ. ಆಯಿಲ್ 104ಕ್ಕೆ ಬಂತು, ಆಮೇಲೆ 109. ಮಾರನಹಳ್ಳಿ ತಲುಪುವ ಮೊದಲೇ 116 ಆಗಿತ್ತು. ನೀರಿನ ಮುಳ್ಳು ನಡುಗೆರೆಯಿಂದ ಒಂದು ಕೂದಲೆಳೆಯಷ್ಟು ಮೇಲೆ, ಅಷ್ಟೇ. ನಾನು ನೋಡುತ್ತಿದ್ದದ್ದು 116 ಎಂಬ ಅಂಕಿಯನ್ನಲ್ಲ, ಅದು ಏರುತ್ತಿದ್ದ ಓಟವನ್ನು. ಒಂದು ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಲ್ಲದೆ ಏರುತ್ತಿದ್ದರೆ ಇನ್ನು ಹತ್ತು ನಿಮಿಷಕ್ಕೆ ಎಲ್ಲಿರುತ್ತದೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಟ್ಯಾಂಕರಿನ ಬಾಲ ಹಿಡಿಯುವುದು ಬಿಟ್ಟು ಅಂತರ ಕೊಟ್ಟೆ, ಒಳಗಿನ ಎಸಿ ಆಫ್ ಮಾಡಿದೆ, ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿದೆ. ಏರಿಕೆ ನಿಧಾನವಾಯಿತು, 119ರಲ್ಲಿ ನಿಂತಿತು. ರಸ್ತೆ ಅಗಲವಾದ ಜಾಗ ಸಿಕ್ಕ ಕೂಡಲೇ ಬದಿಗೆ ಹಾಕಿ, ಎಂಜಿನ್ ಆಫ್ ಮಾಡದೆ ಸ್ಲೋದಲ್ಲಿ ಬಿಟ್ಟೆ. ಹಾಗೆ ಬಿಟ್ಟರೆ ಫ್ಯಾನ್, ನೀರಿನ ಪಂಪು, ಆಯಿಲ್ ಪಂಪು ಮೂರೂ ತಿರುಗುತ್ತಾ ಬಿಸಿಯನ್ನು ಹೊರಗೆ ಸಾಗಿಸುತ್ತವೆ. ತಟ್ಟನೆ ಆಫ್ ಮಾಡಿದರೆ ಬಿಸಿಯಾದ ಲೋಹದ ನಡುವೆ ಆಯಿಲ್ ನಿಂತಲ್ಲೇ ಬೇಯುತ್ತದೆ. 105ಕ್ಕೆ ಇಳಿದ ಮೇಲೆ ಹೊರಟೆವು. ಸಕಲೇಶಪುರದಲ್ಲಿ ಕಾಫಿ ಕುಡಿಯುವ ಹೊತ್ತಿಗೆ ತಂಪು ಗಾಳಿಗೆ ಅದು 100ರ ಕೆಳಗೆ ಬಂದಿತ್ತು.

ಹತ್ತುವಾಗ ಮೇಲಿನ ಗೇರಿನಲ್ಲೇ ಗೊಣಗಿಸಿಕೊಂಡು ಎಳೆಯುವ ಚಾಳಿ ನಮ್ಮಲ್ಲಿ ಬಹಳ, ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯಿಂದ. ಅದರಿಂದ ಪಂಪುಗಳು ನಿಧಾನವಾಗುತ್ತವೆ, ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ. ಒಂದು ಗೇರು ಇಳಿಸಿ ಕಾಲು ಹಗುರ ಮಾಡುವುದು ಸರಿ.

ಮನೆಯಾಗಿ ಮಾರ್ಪಟ್ಟ ಗಾಡಿಗೆ ಇನ್ನೂ ಕೆಲವು ಕಷ್ಟಗಳಿವೆ. ಯಾತ್ರಿಕರು ಊರು ಬಂದಾಗ ಇಳಿದು ಹೋಗುತ್ತಿದ್ದರು, ಪ್ಲೈವುಡ್ ಕಪಾಟು ಇಳಿಯುವುದಿಲ್ಲ. ನೂರು ಲೀಟರ್ ನೀರಿನ ಟ್ಯಾಂಕ್ ಎಂದರೆ ನೂರು ಕಿಲೋ. ಅದರ ಮೇಲೆ ಬ್ಯಾಟರಿ, ಫ್ರಿಜ್ಜು, ಸಿಲಿಂಡರು. ಸೆಕೆ ಒಳಗೆ ಬಾರದಿರಲಿ ಎಂದು ಎಂಜಿನ್ ಮುಚ್ಚಳಕ್ಕೆ ದಪ್ಪ ಹೊದಿಕೆ ಅಂಟಿಸುತ್ತಾರೆ, ಅದರಿಂದ ಬಿಸಿ ಎಂಜಿನ್ ಕಡೆಯೇ ಉಳಿಯುತ್ತದೆ. ಮುಂದಿನ ಜಾಲರಿಯ ಎದುರು ದೊಡ್ಡ ಲೈಟು, ಬೋರ್ಡು, ಡೀಸೆಲ್ ಕ್ಯಾನು ಕಟ್ಟಿ ರೇಡಿಯೇಟರ್‌ಗೆ ಹೋಗುವ ಗಾಳಿಗೇ ಅಡ್ಡ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನನ್ನ ಗಾಡಿಯ ಎದುರಿಗಿದ್ದ ಅಲಂಕಾರದ ಕಂಬಿಗಳನ್ನೆಲ್ಲ ಬಿಚ್ಚಿಸಿದ್ದೇನೆ. ಒಂದೇ ರಸ್ತೆ, ಒಂದೇ ವೇಗದಲ್ಲಿ ಆಯಿಲ್ ಮೂರು ನಾಲ್ಕು ಡಿಗ್ರಿ ಕಡಿಮೆಯಾಯಿತು. ಮೀಟರ್ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಬಿಸಿ ಹೆಚ್ಚುವುದನ್ನೇ ಇಷ್ಟು ಹೊತ್ತು ಹೇಳಿದೆ. ಸಾಲದಿರುವುದೂ ಕೇಡೇ. ಯಲಹಂಕದಿಂದ ಆರ್.ಟಿ. ನಗರಕ್ಕೆ ಸಾಮಾನು ತರಲು ಗಾಡಿ ತೆಗೆದುಕೊಂಡು ಹೋದರೆ ಹೆಬ್ಬಾಳ ಫ್ಲೈಓವರ್ ತಲುಪುವ ಮೊದಲೇ ನೀರಿನ ಮುಳ್ಳು ನಡುವಿಗೆ ಬಂದಿರುತ್ತದೆ, ಆಯಿಲ್ ಇನ್ನೂ 65ರಲ್ಲಿರುತ್ತದೆ. ಡೀಸೆಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರ ಸ್ವಲ್ಪ ಭಾಗ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ. ಆಯಿಲ್ ಸಾಕಷ್ಟು ಬಿಸಿಯಾಗಿ ಒಂದಷ್ಟು ಹೊತ್ತು ಹಾಗೇ ಓಡಿದರೆ ಆ ನೀರು ಆವಿಯಾಗಿ ಹೋಗುತ್ತದೆ. ಇಲ್ಲದಿದ್ದರೆ ಅಲ್ಲೇ ಉಳಿದು ಆಯಿಲ್ ತುಂಬುವ ಮುಚ್ಚಳದ ಒಳಗೆ ಕೆನೆ ಬಣ್ಣದ ಲೋಳೆಯಾಗಿ ಕಾಣಿಸುತ್ತದೆ. ಸೆಸ್ನಾ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿಯವರು ಹಾರಾಟದಲ್ಲಿ ಆಯಿಲ್ 180 ಫ್ಯಾರನ್‌ಹೀಟ್, ಅಂದರೆ 82 ಸೆಲ್ಸಿಯಸ್ ಆದರೂ ಮುಟ್ಟಬೇಕು ಎನ್ನುವುದು ಇದಕ್ಕೇ. ಬರೀ ಪೇಟೆ ಸುತ್ತಿ ನಿಲ್ಲುವ ಕ್ಯಾಂಪರನ್ನು ತಿಂಗಳಿಗೊಮ್ಮೆಯಾದರೂ ದೊಡ್ಡಬಳ್ಳಾಪುರದ ಕಡೆಗೋ ದೇವನಹಳ್ಳಿ ಆಚೆಗೋ ಓಡಿಸಿ ಆಯಿಲ್ 90 ದಾಟಿಸಿ ತರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ 60 ಆಗುವ ತನಕ ನಾನು ಎಂಜಿನ್ ಮೇಲೆ ಜೋರು ಮಾಡುವುದಿಲ್ಲ, ನೀರಿನ ಮುಳ್ಳು ಏನೇ ಹೇಳಲಿ.

ನನ್ನ ಗಾಡಿಗೆ ನಾನು ಇಟ್ಟುಕೊಂಡಿರುವ ಮಿತಿ ಹೀಗಿದೆ. 90ರಿಂದ 110 ನಿಶ್ಚಿಂತೆ. 115 ದಾಟಿದರೆ ಕಾಲು ಹಗುರ. 120 ಬಂದರೆ ಜಾಗ ನೋಡಿ ಬದಿಗೆ. ಈ ಅಂಕಿಗಳು ಚೇಂಬರ್‌ನಲ್ಲಿ ಅಳೆದವು. ಬೇರಿಂಗ್ ಒಳಗೆ ಹಾದು ಬರುವಾಗ ಆಯಿಲ್ ಇದಕ್ಕಿಂತ ಬಿಸಿಯಾಗಿರುತ್ತದೆ, ಹಾಗಾಗಿ ಮಿತಿಯನ್ನು ಸ್ವಲ್ಪ ಬಿಗಿಯಾಗಿಯೇ ಇಟ್ಟಿದ್ದೇನೆ. ಇದರ ಜೊತೆ ಪ್ರೆಷರ್ ಮೀಟರನ್ನೂ ನೋಡಬೇಕು. ಆಯಿಲ್ 100ರಲ್ಲಿದ್ದಾಗ ಸ್ಲೋದಲ್ಲಿ ಎಷ್ಟು ಪ್ರೆಷರ್ ಇತ್ತು ಎಂದು ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಅದೇ ಬಿಸಿಯಲ್ಲಿ, ಅದೇ ಆಯಿಲ್‌ನಲ್ಲಿ ಪ್ರೆಷರ್ ಕಡಿಮೆಯಾಗಿದ್ದರೆ ಬೇರಿಂಗ್ ಅಥವಾ ಪಂಪು ಸವೆಯುತ್ತಿದೆ ಎಂದು ತಿಳಿಯುತ್ತದೆ. ಬಿಸಿ ಎಷ್ಟೆಂದು ಗೊತ್ತಿಲ್ಲದೆ ನೋಡಿದ ಪ್ರೆಷರಿನಿಂದ ಇದನ್ನು ಹೇಳಲಾಗದು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಉರಿಯುವುದು ಪ್ರೆಷರ್ ಬಹುತೇಕ ಸೊನ್ನೆಗೆ ಬಂದಾಗ, ಅದನ್ನು ನಂಬಿ ಕೂರಬೇಡಿ. ನಾನು ಆಸನದ ಪಕ್ಕದ ಖಾನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊರು, ಹೊರಗಿನ ಬಿಸಿಲು, ವೇಗ, ಆಯಿಲ್ ಬಿಸಿ, ಪ್ರೆಷರ್ ಎಂದು ಐದು ಕಾಲಮ್ಮು. ಗಾಡಿ ನಿಲ್ಲಿಸಿದಾಗ ಪಕ್ಕದಲ್ಲಿ ಕೂತವರು ಅದನ್ನು ತುಂಬುತ್ತಾರೆ. ಎಂಜಿನ್ ಬಿಚ್ಚಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಮೆಕ್ಯಾನಿಕ್ ಮುಂದೆ ಮೊದಲು ಇಡುವುದು ಆ ಪುಸ್ತಕವನ್ನೇ.